ನೋಡುವುದೂ ಮಾಡುವುದೂ ಒಂದೇ ಅಲ್ಲ

ಸೇಡಂ ತಾಲ್ಲೂಕಿನ ಕೋಡ್ಲಾ ಸುಣ್ಣಕಲ್ಲಿನ ಸೀಮೆಗೆ ಸೇರಿದ ಊರು. ಈ ಸೀಮೆಯ ಕಲ್ಲು ಒಂದೆಡೆ ಸಿಮೆಂಟಾಗುತ್ತದೆ. ಇನ್ನೊಂದೆಡೆ ಶಹಾಬಾದ ಫರಸಿಯೆಂಬ ಹೆಸರಿನಲ್ಲಿ ನಾಡಿನ ಮನೆಮನೆಯ ನೆಲಕ್ಕೆ ಹಾಸಾಗುತ್ತದೆ. ಇಂಥ ಫರಸಿಯನ್ನು ಮಾರುವ ಅಂಗಡಿಯೊಂದರ ಲೆಕ್ಕವನ್ನು ಕ್ಷಣಕಾಲ ಊಹಿಸಿಕೊಳ್ಳೋಣ. ೨ ಅಡಿ ಉದ್ದ, ೨ ಅಡಿ ಅಗಲದ ಕಲ್ಲುಗಳು ೨೫೦ ಹೋದರೆ ೧,೦೦೦ ಚದರ ಅಡಿ. ಹಿಂದೆ ಇದನ್ನು ಗುಮಾಸ್ತನು ಕೆಂಪು ಬಟ್ಟೆಯ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದನು. ಇಂದು ಅದೇ ಲೆಕ್ಕವು ಗಣಕಯಂತ್ರದ ಸ್ಪ್ರೆಡ್‌ಶೀಟ್ ಎಂಬ ಚೌಕುಳಿ ಹಾಳೆಯಲ್ಲಿ ನಡೆಯುತ್ತದೆ.

ಈ ಹಾಳೆಯ ಇತಿಹಾಸ ಬಹಳ ಹಳೆಯದಲ್ಲ. ೧೯೭೯ರಲ್ಲಿ ಅಮೆರಿಕದ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ರಚಿಸಿದ ವಿಸಿಕ್ಯಾಲ್ಕ್ ಇದನ್ನು ಸಣ್ಣ ಗಣಕಗಳಿಗೆ ತಂದಿತು. ಹಾಳೆಯ ಪ್ರತಿಯೊಂದು ಚೌಕವನ್ನು ಸೆಲ್ ಅಥವಾ ಕೋಶ ಎನ್ನುತ್ತಾರೆ. ಕೋಶದಲ್ಲಿ ಅಂಕಿಯನ್ನು ಇಡಬಹುದು. ಇಲ್ಲವೆ ‘ಈ ಎರಡು ಕೋಶಗಳನ್ನು ಗುಣಿಸು’ ಎಂಬ ಸೂತ್ರವನ್ನು ಇಡಬಹುದು. ಸೂತ್ರದ ಗುಣವೇನೆಂದರೆ ಅದು ತನ್ನ ಕೋಶದೊಳಗೇ ಇರುತ್ತದೆ, ತನ್ನ ಉತ್ತರವನ್ನು ಮಾತ್ರ ತೋರಿಸುತ್ತದೆ, ನೆರೆಯ ಕೋಶಗಳನ್ನು ಕೆಡಿಸುವುದಿಲ್ಲ.

ಮ್ಯಾಕ್ರೋ ಹಾಗಲ್ಲ. ಅದು ಆಜ್ಞೆಗಳ ಒಂದು ಸರಮಾಲೆ. ‘ದಿನದ ಮೊತ್ತವನ್ನು ತಿಂಗಳ ಹಾಳೆಯ ಮುಂದಿನ ಸಾಲಿಗೆ ಬರೆ, ಬಳಿಕ ದಿನದ ಹಾಳೆಯನ್ನು ಒರೆಸಿಹಾಕು’ ಎಂದು ಒಮ್ಮೆ ಬರೆದಿಟ್ಟರೆ, ಕರೆದಾಗಲೆಲ್ಲ ಅದು ಆ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತದೆ. ೧೯೯೩ರ ಎಕ್ಸೆಲ್ ೫ರಿಂದ ಈಚೆಗೆ ವಿಷುಯಲ್ ಬೇಸಿಕ್ ಎಂಬ ಭಾಷೆಯಲ್ಲಿ ಇಂಥ ಆಜ್ಞೆಗಳನ್ನು ಬರೆಯುವ ರೂಢಿ ಬಂದಿದೆ. ಗುಂಡಿಯೊಂದನ್ನು ಹಾಳೆಯ ಮೇಲೆ ಇರಿಸಿ, ಅದನ್ನು ಒತ್ತಿದಾಗ ಮ್ಯಾಕ್ರೋ ಓಡುವಂತೆ ಮಾಡುವುದು ಸಾಮಾನ್ಯ ಪದ್ಧತಿ. ಆದರೆ ಗುಂಡಿ ಏಕೆ, ಕೋಶವನ್ನೇ ಗುಂಡಿಯನ್ನಾಗಿ ಮಾಡಬಾರದೇಕೆ ಎಂದು ಕೇಳುವವರು ಬಹಳ ಮಂದಿ. ಕೋಶವನ್ನು ಒಮ್ಮೆ ಕ್ಲಿಕ್ಕಿಸಿದರೆ ಸಾಕು, ಕೆಲಸವಾಗಬೇಕು ಎಂಬುದು ಅವರ ಬಯಕೆ.

ಇದು ಸಾಧ್ಯವಿದೆ. ಆದರೆ ಇದು ಹೇಗೆ ಸಾಧ್ಯವಾಗುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಚೆನ್ನಾಗಿ ಗಮನಿಸಬೇಕು. ಎಕ್ಸೆಲ್‌ನಲ್ಲಿ ‘ಕೋಶವನ್ನು ಒಮ್ಮೆ ಕ್ಲಿಕ್ಕಿಸಿದರು’ ಎಂಬ ಘಟನೆಯೇ ಇಲ್ಲ! ಇರುವುದು ‘ಆಯ್ಕೆ ಬದಲಾಯಿತು’ ಎಂಬ ಘಟನೆ. ಅಂದರೆ ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ಗಮನ ಸರಿದಾಗ ಗಣಕಕ್ಕೆ ಸುದ್ದಿ ಹೋಗುತ್ತದೆ. ಹೊಸದಾಗಿ ಆಯ್ಕೆಯಾದುದು ನಮ್ಮ ಗೊತ್ತಾದ ಕೋಶವೇ ಎಂದು ಮ್ಯಾಕ್ರೋ ಪರೀಕ್ಷಿಸಿ, ಹೌದಾದರೆ ಕೆಲಸಕ್ಕೆ ತೊಡಗುತ್ತದೆ. ಕ್ಲಿಕ್ಕಿನಂತೆ ತೋರುವುದು ನಿಜವಾಗಿ ಕ್ಲಿಕ್ಕಲ್ಲ, ದೃಷ್ಟಿಯ ಚಲನೆ.

ಇದರಿಂದ ಮೂರು ಫಲಗಳು ಒದಗುತ್ತವೆ. ಮೊದಲನೆಯದು, ಈಗಾಗಲೇ ಆಯ್ಕೆಯಾಗಿರುವ ಕೋಶವನ್ನು ಮತ್ತೆ ಕ್ಲಿಕ್ಕಿಸಿದರೆ ಏನೂ ಆಗುವುದಿಲ್ಲ, ಏಕೆಂದರೆ ಆಯ್ಕೆ ಬದಲಾಗಿಲ್ಲ. ಎರಡನೆಯದು, ಮೌಸನ್ನು ಮುಟ್ಟದೆ ಬಾಣದ ಕೀಲಿಗಳಿಂದ ಆ ಕೋಶದ ಮೇಲೆ ಹಾದುಹೋದರೂ ಮ್ಯಾಕ್ರೋ ಓಡುತ್ತದೆ. ಮೂರನೆಯದು, ಪರೀಕ್ಷೆಯನ್ನು ಬಿಗಿಯಾಗಿ ಬರೆಯದಿದ್ದಲ್ಲಿ, ಆ ಕೋಶವಿರುವ ಕಂಬಸಾಲನ್ನು ಪೂರ್ತಿಯಾಗಿ ಆಯ್ದುಕೊಂಡಾಗಲೂ ಅದು ಓಡಬಹುದು.

ಈಗ ನಮ್ಮ ಫರಸಿ ಅಂಗಡಿಗೆ ಮರಳೋಣ. ‘ದಿನದ ಲೆಕ್ಕ ಮುಗಿಸಿ’ ಎಂದು ಬರೆದ ಕೋಶವು ಹಾಳೆಯ ಮೇಲ್ಭಾಗದಲ್ಲಿದೆಯೆನ್ನಿ. ಮಧ್ಯಾಹ್ನದ ಹೊತ್ತು. ೧,೦೦೦ ಚದರ ಅಡಿಯ ಮಾರಾಟವಷ್ಟೇ ಬರೆದಾಗಿದೆ. ಗುಮಾಸ್ತನು ಮೇಲಿನ ಅಂಕಿಯೊಂದನ್ನು ನೋಡಲು ಬಾಣದ ಕೀಲಿಯನ್ನೊತ್ತಿ ಆ ಕೋಶವನ್ನು ದಾಟಿದನು. ಅರ್ಧ ದಿನದ ಮೊತ್ತ ಪೂರ್ಣ ದಿನದ್ದೆಂದು ತಿಂಗಳ ಹಾಳೆಗೆ ಏರಿತು. ದಿನದ ಹಾಳೆ ಬರಿದಾಯಿತು. ಸಂಜೆಯ ಮೊತ್ತವು ಮರುದಿನದ ಸಾಲಿಗೆ ಹೋಯಿತು. ಅಲ್ಲಿಂದ ತಿಂಗಳ ಕೊನೆಯವರೆಗೆ ಎಲ್ಲ ತಾರೀಖುಗಳೂ ಒಂದೊಂದು ಮನೆ ಮುಂದಕ್ಕೆ ಜಾರಿದುವು. ಮಾಡಿದ್ದನ್ನು ಹಿಂದೆಗೆದುಕೊಳ್ಳೋಣವೆಂದರೆ ಅದೂ ಆಗದು. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಹಾಳೆಯನ್ನು ತಿದ್ದಿದ ಮೇಲೆ ಸಾಮಾನ್ಯವಾಗಿ ‘ರದ್ದುಮಾಡು’ ಎಂಬ ಆಜ್ಞೆಗೆ ಹಿಂದಿನ ನೆನಪು ಉಳಿಯುವುದಿಲ್ಲ. ನೋಡಬಂದವನು ತನಗರಿಯದೆ ಮಾಡಿಹೋದನು!

ಇನ್ನೊಂದು ಮಾತು. ಕಣ್ಣು ಕಾಣದ ವಿದ್ಯಾರ್ಥಿಗಳು ಗಣಕವನ್ನು ಬಳಸುವುದು ಕೀಲಿಮಣೆಯಿಂದ. ಅವರು ಒಂದೊಂದೇ ಕೋಶಕ್ಕೆ ಹೋಗಿ ನಿಲ್ಲುತ್ತಾರೆ; ಯಂತ್ರವು ಅದರಲ್ಲಿರುವುದನ್ನು ಓದಿ ಹೇಳುತ್ತದೆ. ಅವರ ಪಾಲಿಗೆ ಕೋಶದ ಮೇಲೆ ನಿಲ್ಲುವುದೆಂದರೆ ಓದುವುದು. ಓದಿದೊಡನೆಯೇ ಲೆಕ್ಕ ಅಳಿಸಿಹೋಗುವ ಹಾಳೆಯು ಅವರಿಗೆ ಹಾಳೆಯಲ್ಲ, ಬೋನು.

ಹಾಗೆಂದು ಕೋಶದ ಕ್ಲಿಕ್ಕನ್ನು ಪೂರ್ತಿಯಾಗಿ ತಳ್ಳಿಹಾಕಬೇಕೆಂದು ನಾವು ಹೇಳುವುದಿಲ್ಲ. ಅದರ ಪರವಾದ ವಾದದಲ್ಲಿಯೂ ಹುರುಳಿದೆ. ನೂರು ಸಾಲುಗಳ ಹಾಳೆಗೆ ನೂರು ಗುಂಡಿಗಳನ್ನು ಅಂಟಿಸಿದರೆ ನೋಟವೂ ಕೆಡುತ್ತದೆ, ಸಾಲುಗಳ ಸ್ಥಾನವನ್ನು ಬದಲಿಸಿದಾಗ ಗುಂಡಿಗಳ ನೆಲೆಯೂ ಕೆಡುತ್ತದೆ. ಕೋಶವಾದರೋ ಸಾಲಿನೊಡನೆಯೇ ಸಾಗುತ್ತದೆ. ಆದುದರಿಂದ ನಮ್ಮ ಅಭಿಪ್ರಾಯ ಇಷ್ಟೆ: ಹಿಂದೆಗೆದುಕೊಳ್ಳಬಹುದಾದ ಸಣ್ಣ ಕೆಲಸಗಳಿಗೆ, ಅಂದರೆ ಹಾಜರಿಯ ಗುರುತನ್ನು ಹಾಕುವುದು ತೆಗೆಯುವುದು, ಬೇರೊಂದು ಹಾಳೆಯನ್ನು ತೆರೆಯುವುದು ಮುಂತಾದುವಕ್ಕೆ, ಕೋಶದ ಕ್ಲಿಕ್ಕು ಇರಲಿ. ಅಳಿಸುವ, ಸಾಗಿಸುವ, ಕಳುಹಿಸುವ ಕೆಲಸಗಳಿಗೆ ಅದು ಬೇಡ. ಅವಕ್ಕೆ ಗುಂಡಿಯಿರಲಿ, ಇಲ್ಲವೆ ಜೋಡಿ ಕ್ಲಿಕ್ಕಿರಲಿ. ಜೋಡಿ ಕ್ಲಿಕ್ಕಿಗೆ ಎಕ್ಸೆಲ್‌ನಲ್ಲಿ ಪ್ರತ್ಯೇಕ ಘಟನೆಯೇ ಇದೆ. ಯಾರೂ ದಾರಿಯಲ್ಲಿ ಹೋಗುತ್ತ ಎರಡು ಬಾರಿ ಕದ ತಟ್ಟುವುದಿಲ್ಲವಷ್ಟೆ. ಅದರ ಮೇಲೆ ‘ನಿಜವಾಗಿಯೂ ಮುಗಿಸಲೆ?’ ಎಂಬ ಪ್ರಶ್ನೆಯೂ ಇರಲಿ.

ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ. ಕನ್ನಡ ಲಿಪಿಯು ೧೯೯೧ರ ಮೊದಲನೆಯ ಯೂನಿಕೋಡ್ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿದ್ದರೂ, ಎಕ್ಸೆಲ್‌ನ ಮ್ಯಾಕ್ರೋ ಬರೆಯುವ ಕಿಟಕಿಯು ಹಳೆಯ ಸಂಕೇತಪದ್ಧತಿಯನ್ನೇ ನೆಚ್ಚಿಕೊಂಡಿದೆ. ಅಲ್ಲಿ ಕನ್ನಡವನ್ನು ಬರೆದರೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಉಪಾಯ ಸುಲಭ: ಎಚ್ಚರಿಕೆಯ ಮಾತನ್ನು ಹಾಳೆಯ ಕೋಶವೊಂದರಲ್ಲಿಯೇ ಕನ್ನಡದಲ್ಲಿ ಬರೆದಿಡಬೇಕು. ಕೋಶಗಳು ಕನ್ನಡವನ್ನು ಚೆನ್ನಾಗಿ ಬಲ್ಲವು. ‘ಹೌದು’ ಎಂದು ಪಕ್ಕದ ಕೋಶದಲ್ಲಿ ಬರೆದಿದ್ದರೆ ಮಾತ್ರ ಮ್ಯಾಕ್ರೋ ಮುಂದುವರಿಯುವಂತೆ ಮಾಡಬಹುದು. ನಮ್ಮ ಊರಿನ ಗುಮಾಸ್ತನಿಗೆ ಅಪಾಯವನ್ನು ನಮ್ಮ ನುಡಿಯಲ್ಲಿ ಹೇಳದೆ ಹೋದರೆ ಹೇಳಿದಂತಾಗುವುದಾದರೂ ಹೇಗೆ?

ಇಷ್ಟಕ್ಕೂ ಮುಖ್ಯವಾದ ಪ್ರಶ್ನೆ ಕ್ಲಿಕ್ಕಿನದಲ್ಲ. ಕ್ಲಿಕ್ಕಿನ ಹಿಂದೆ ಏನಿದೆಯೆಂಬ ತಿಳಿವಿನದು. ಕೋಡ್ಲಾ ಇರುವ ಸೇಡಂ ತಾಲ್ಲೂಕಿನಲ್ಲಿಯೇ, ಕಾಗಿಣಾ ನದಿಯ ದಡದಲ್ಲಿ, ಮಳಖೇಡವಿದೆ. ಅದು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅವನ ಕ್ರಮವೇನು? ಮೊದಲು ನಿಯಮ, ಬಳಿಕ ಉದಾಹರಣೆಯ ಲೆಕ್ಕಗಳು. ನಿಯಮವು ಎಲ್ಲರ ಕಣ್ಣೆದುರಿಗೆ ಇತ್ತು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಆ ಮಹಾಗಣಿತಜ್ಞನು ಹೇಳಿದನು. ಅದು ತಪ್ಪು. ಆದರೆ ನಿಯಮವು ಬರೆಹದಲ್ಲಿ ತೆರೆದಿದ್ದುದರಿಂದ ಓದಿದವರು ಅದನ್ನು ಒರೆಗೆ ಹಚ್ಚಲು ಸಾಧ್ಯವಾಯಿತು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಅದೇ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟನು. ಇಂದಿನ ಸ್ಪ್ರೆಡ್‌ಶೀಟ್ ಸೊನ್ನೆಯಿಂದ ಭಾಗಿಸಲು ಒಪ್ಪದೆ ದೋಷವೆಂದೇ ತೋರಿಸುತ್ತದೆ. ತೆರೆದ ನಿಯಮ ತಿದ್ದಿಕೊಳ್ಳುತ್ತದೆ. ಮುಚ್ಚಿದ ನಿಯಮ ತಪ್ಪನ್ನೇ ಸಾವಿರ ಬಾರಿ ಮಾಡುತ್ತದೆ.

ಕೋಶದ ಹಿಂದೆ ಅಡಗಿದ ಮ್ಯಾಕ್ರೋ ಇಂಥ ಮುಚ್ಚಿದ ನಿಯಮ. ಅದನ್ನು ಬರೆದವರು ಸಜ್ಜನರೇ ಆಗಿರಬೇಕೆಂದೂ ಇಲ್ಲ. ೧೯೯೬ರಲ್ಲಿ ಲಾರೂ ಎಂಬ ಮ್ಯಾಕ್ರೋ ವೈರಸ್ಸು ಎಕ್ಸೆಲ್ ಹಾಳೆಗಳ ಮೂಲಕ ಹರಡಿತು. ಹೀಗೆ ಆರಂಭವಾದ ಕಾಟ ನಿಲ್ಲದೆ, ಕೊನೆಗೆ ೨೦೨೨ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅಂತರಜಾಲದಿಂದ ಬಂದ ಕಡತಗಳಲ್ಲಿನ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಹಿಡಿಯುವ ಏರ್ಪಾಡನ್ನು ಜಾರಿಗೆ ತಂದಿತು. ಆ ತಡೆಯನ್ನು ಕಿರುಕುಳವೆಂದು ಬಗೆದು, ಒಳಗೇನಿದೆಯೆಂದು ನೋಡದೆ ತೆಗೆದುಹಾಕುವವನು ಅಪರಿಚಿತನಿಗೆ ಅಂಗಡಿಯ ಬೀಗದ ಕೈಯನ್ನು ಕೊಟ್ಟವನಿಗೆ ಸಮಾನ.

ಆದುದರಿಂದ ಪ್ರೌಢಶಾಲೆ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇದು. ಒತ್ತುವುದನ್ನು ಕಲಿಯುವ ಮುನ್ನ ಓದುವುದನ್ನು ಕಲಿಯಿರಿ. ಎಕ್ಸೆಲ್ ಇಲ್ಲದಿದ್ದರೆ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಇದೆ. ಅದರಲ್ಲಿಯೂ ಮ್ಯಾಕ್ರೋ ಬರೆಯಬಹುದು. ತರಗತಿಯ ಅಂಕಪಟ್ಟಿಯ ನಕಲೊಂದನ್ನು ತೆಗೆದುಕೊಂಡು ಸಣ್ಣ ಮ್ಯಾಕ್ರೋ ಒಂದನ್ನು ಬರೆಯಿರಿ. ಪ್ರತಿಯೊಂದು ಸಾಲು ಏನು ಮಾಡುತ್ತದೆಂದು ಪಕ್ಕದಲ್ಲಿ ಟಿಪ್ಪಣಿ ಬರೆಯಿರಿ. ಬಳಿಕ ಬಾಣದ ಕೀಲಿಯಿಂದ ಹಾಳೆಯನ್ನೆಲ್ಲ ಸುತ್ತಿ, ನೀವು ಹೇಳದೆ ಅದೇನಾದರೂ ಮಾಡುವುದೋ ನೋಡಿರಿ. ಮಾಡಿದರೆ ದೋಷವು ಯಂತ್ರದ್ದಲ್ಲ, ನಮ್ಮದೇ.

ಮಾನ್ಯಖೇಟದ ಗಣಿತಜ್ಞನು ನಿಯಮವನ್ನು ಹೇಳಿ ಲೆಕ್ಕವನ್ನು ನಮ್ಮ ಕೈಗೆ ಕೊಟ್ಟನು. ನಾವು ಲೆಕ್ಕವನ್ನು ಯಂತ್ರದ ಕೈಗೆ ಕೊಡೋಣ, ಅದರಿಂದ ನಷ್ಟವಿಲ್ಲ. ನಿಯಮವನ್ನು ಮಾತ್ರ ನಮ್ಮಲ್ಲಿಯೇ ಇಟ್ಟುಕೊಳ್ಳೋಣ.