ಯಾರ್ಡಿಗೆ ವೈ-ಫೈ ಬಂತು, ತಂತಿ ಬರಲಿಲ್ಲ

ಕಳೆದ ಹಂಗಾಮಿನಲ್ಲಿ ಗಡಿಯ ಈ ಕಡೆಯ ಒಂದು ಮಾರ್ಕೆಟ್ ಯಾರ್ಡಿಗೆ ಒಂಬತ್ತು ಕ್ವಿಂಟಾಲ್ ಹತ್ತಿ ಹಾಕಿಕೊಂಡು ಹೋಗಿದ್ದೆ. ಬೆಳಗಿನ ಜಾವಕ್ಕೇ ಲಾಟ್ ನಂಬರು ಸಿಕ್ಕಿತು. ಟೆಂಡರ್ ತೆರೆಯುವ ಹೊತ್ತಿಗೆ ಕಂಪ್ಯೂಟರ್ ಕೋಣೆಯಿಂದ ಗುಮಾಸ್ತ ಹೊರಗೆ ಬಂದು ‘ಸರ್ವರ್ ಡೌನ್’ ಅಂದ. ಅಡತಿ ಸಾವುಕಾರರು ‘ನೆಟ್ಟು ಲೇದು’ ಅಂದರು. ನಾವು ಕನ್ನಡದಲ್ಲಿ ಬೈದೆವು. ದರ ಗೊತ್ತಾದಾಗ ಸಂಜೆ ಏಳು, ಕಾಟಾ ಮುಗಿದಾಗ ರಾತ್ರಿ ಹನ್ನೊಂದು. ಎತ್ತಿನ ಗಾಡಿಯ ಕಾಲದಾಗೂ ಇಷ್ಟು ಹೊತ್ತು ಕಾದಿದ್ದಿಲ್ಲ. ಮರುದಿನ ವಿಚಾರಿಸಿದರೆ, ದೂರದ ಸರ್ವರ್ ಗಟ್ಟಿಯಾಗೇ ಇತ್ತಂತೆ. ಸತ್ತಿದ್ದು ಯಾರ್ಡಿನ ಮೂಲೆಯಲ್ಲಿ ಧೂಳು ತಿನ್ನುತ್ತ ಕೂತಿದ್ದ ಒಂದು ಸ್ವಿಚ್ ಪೆಟ್ಟಿಗೆ.

ಇದು ಒಂದು ಯಾರ್ಡಿನ ಮಾತಲ್ಲ. ಇ-ನಾಮ್ ಎಂಬ ರಾಷ್ಟ್ರೀಯ ಮಾರುಕಟ್ಟೆ 2016ರ ಏಪ್ರಿಲ್ 14ರಂದು 21 ಮಂಡಿಗಳಿಂದ ಶುರುವಾಯಿತು. 2020ರ ಮೇ ತಿಂಗಳ ಹೊತ್ತಿಗೆ ಅದು 1000 ಮಂಡಿಗೆ ಮುಟ್ಟಿತು. ಕರ್ನಾಟಕ ಅದಕ್ಕೂ ಮೊದಲೇ, 2014ರಲ್ಲಿ, ತನ್ನದೇ ಏಕೀಕೃತ ಮಾರುಕಟ್ಟೆ ವೇದಿಕೆ ಕಟ್ಟಿಕೊಂಡಿತ್ತು. 2020ರ ಮೇ 1ರಂದು ಇವೆರಡನ್ನೂ ಜೋಡಿಸಿದರು. ಆದೋನಿಯಲ್ಲಿ ದರ ಬೀಳದಿದ್ದರೆ ರಾಯಚೂರಿಗೆ ಗಾಡಿ ತಿರುಗಿಸುವ ನಮ್ಮಂಥ ಗಡಿಯವರಿಗೆ ಇದು ಸಣ್ಣ ಸುದ್ದಿಯಲ್ಲ. ಖರೀದಿದಾರ ಎಲ್ಲಿಯಾದರೂ ಇರಲಿ, ಬೋಲಿ ಹಾಕಬಹುದು ಎಂಬುದು ಮಾತು. ಆದರೆ ಆ ಬೋಲಿ ಕೊನೆಗೆ ಬಂದು ಮುಟ್ಟಬೇಕಾದ್ದು ಯಾರ್ಡಿನೊಳಗಿನ ಆ ಇನ್ನೂರು ಮುನ್ನೂರು ಗಜದ ತಂತಿಯ ಮೂಲಕವೇ.

ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡ್ಯಾಮು ತುಂಬಿದರೂ ತೂಬು ಕೆಟ್ಟರೆ ಹೊಲಕ್ಕೆ ನೀರಿಲ್ಲ. ಆಂಧ್ರದಲ್ಲಿ ಕರೆಂಟ್ ಕಂಬದ ಮೇಲೆ ಎಳೆದ ಫೈಬರ್ ಜಾಲವನ್ನು 2017ರ ಡಿಸೆಂಬರ್ 27ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. ಕೇಂದ್ರದ ಭಾರತ್‌ನೆಟ್‌ಗೆ 2023ರ ಆಗಸ್ಟಿನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಹೊಸ ಮಂಜೂರಾತಿ ಸಿಕ್ಕಿತು. ಇವೆಲ್ಲ ದೊಡ್ಡ ಕಾಲುವೆ. ಗೇಟಿನಿಂದ ಕಾಟಾ ತನಕ ಇರುವ ಹೊಲಗಾಲುವೆ ಯಾರ ಲೆಕ್ಕದಾಗ ಬರ್ತದ?

ವೈ-ಫೈ ಹಾಕಿದರೆ ತಂತಿ ಬೇಡ ಅನ್ನೋದು ನಮ್ಮ ಕಮಿಟಿಗಳ ಮೊದಲ ತಪ್ಪು ತಿಳಿವಳಿಕೆ. ಗೋಡೆಯ ಮೇಲೆ ಕೂತ ಬಿಳಿ ಡಬ್ಬಿಯಿಂದ ಮೊಬೈಲಿಗೆ ಮಾತ್ರ ಗಾಳಿ, ಡಬ್ಬಿಯ ಬೆನ್ನಿಗೆ ತಂತಿ ಇದ್ದೇ ಇರುತ್ತದೆ. ಆ ತಾಮ್ರದ ತಂತಿಗೆ ನೂರು ಮೀಟರಿನ ಮಿತಿ ಇದೆ, ಅದಕ್ಕಿಂತ ಉದ್ದ ಎಳೆದರೆ ನಂಬುವ ಹಾಗಿಲ್ಲ. ನಮ್ಮ ಯಾರ್ಡುಗಳಲ್ಲಿ ಆಫೀಸಿನಿಂದ ಕೊನೆಯ ಶೆಡ್ಡಿಗೆ ನೂರು ಮೀಟರ್ ಎಲ್ಲಿ ಸಾಲುತ್ತದೆ? ಶೆಡ್ಡಿನಿಂದ ಶೆಡ್ಡಿಗೆ ಫೈಬರನ್ನೇ ಹಾಕಬೇಕು. ಅದು ಗಾಜಿನ ಎಳೆಯಾದ್ದರಿಂದ ಸಿಡಿಲು ಬಡಿದಾಗ ಆಫೀಸಿನ ಪೆಟ್ಟಿಗೆಯವರೆಗೆ ಹರಿದು ಬರುವುದಿಲ್ಲ. ಅದನ್ನೂ ನೆಲದೊಳಗೆ ಹೂಳಬೇಕು. ಮೇಲೆ ತೂಗಿಬಿಟ್ಟರೆ ಹತ್ತಿ ಹೇರಿದ ಮೊದಲನೇ ಲಾರಿಗೇ ಸಿಕ್ಕಿಕೊಳ್ತದ, ನಾನೇ ಕಣ್ಣಾರೆ ಕಂಡೀನಿ.

ಗಾಳಿಯದು ಇನ್ನೊಂದು ಕಥೆ. 2.4 ಗಿಗಾಹರ್ಟ್ಸ್ ಪಟ್ಟಿ 2005ರಿಂದಲೇ ಲೈಸೆನ್ಸ್ ಬೇಡದ ಬಯಲು. ದೂರ ಹೋಗುತ್ತದೆ, ಆದರೆ ಒಂದಕ್ಕೊಂದು ತಾಗದ ದಾರಿ ಅದರಲ್ಲಿ ಮೂರೇ. ಪ್ರತಿ ಅಡತಿ ಅಂಗಡಿಯವರೂ ತಮ್ಮದೊಂದು ಡಬ್ಬಿ ಇಟ್ಟು ಆ ಮೂರರಲ್ಲೇ ನುಗ್ಗುತ್ತಾರೆ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 605 ಮೆಗಾಹರ್ಟ್ಸ್ ಮುಕ್ತವಾಯಿತು. ಅದರಲ್ಲಿ ದಾರಿ ಬಹಳ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ತಗಡಿನ ಗೋದಾಮು ಅಡ್ಡ ಬಂದರೆ ಎರಡೂ ಸೋಲುತ್ತವೆ. ಒಂದು ಡಬ್ಬಿಗೆ ಮಧ್ಯಾಹ್ನ ಇನ್ನೂರು ಮೊಬೈಲು ಬಿದ್ದರೆ, ಒಂದೇ ಕಾಟಾ ಮುಂದೆ ಇನ್ನೂರು ಗಾಡಿ ನಿಂತ ಹಾಗೆ, ಸರದಿ ಬರಬೇಕು. ವೈ-ಫೈ 6 ಎಂಬ ಮಾದರಿ ಒಂದೇ ಸರದಿಯಲ್ಲಿ ಹಲವರಿಗೆ ಹಂಚುವ ಉಪಾಯ ಮಾಡಿದೆ, ಅದು ನಮ್ಮ ಯಾರ್ಡಿಗೆ ಒಪ್ಪುವಂಥದೇ. 2024ರಲ್ಲಿ ಪ್ರಮಾಣಪತ್ರ ಶುರುವಾದ ವೈ-ಫೈ 7 ಕೂಡ ಮಾರಲು ಏಜೆಂಟರು ಬರುತ್ತಾರೆ. ಹಿಂದಿನ ಸ್ವಿಚ್ಚು ನೂರು ಮೆಗಾಬಿಟ್ಟಿನ ಹಳೆಯ ಮಾಲಾಗಿದ್ದರೆ ಮುಂದೆ ಏಳು ಇಟ್ಟರೇನು, ಹದಿನೇಳು ಇಟ್ಟರೇನು?

ಒಂದೇ ತಂತಿಯೊಳಗೆ ಬೇರೆ ಬೇರೆ ಬದು ಹಾಕುವ ವಿದ್ಯೆಯೂ ಇದೆ: ಕಾಟಾ ಮತ್ತು ಟೆಂಡರಿಗೆ ಒಂದು, ವ್ಯಾಪಾರಿಗಳಿಗೆ ಒಂದು, ಬಂದುಹೋಗುವವರ ಮೊಬೈಲಿಗೆ ಇನ್ನೊಂದು. ಇದನ್ನು ಮಾಡದಿದ್ದರೆ ಯಾರೋ ಹುಡುಗ ಸಿನಿಮಾ ನೋಡುತ್ತ ಕೂತಾಗ ನಿಮ್ಮ ಲಾಟಿನ ಬೋಲಿ ತಡವಾಗುತ್ತದೆ. ಅಪಾಯವೂ ಉಂಟು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಹಬ್ಬಿದಾಗ ಆಂಧ್ರ ಪೊಲೀಸರ ಕೆಲವು ಕಂಪ್ಯೂಟರುಗಳೂ ಅದರ ಬಾಯಿಗೆ ಸಿಕ್ಕವು.

ಹಣವಿಲ್ಲ ಅಂತ ಹೇಳುವ ಹಾಗಿಲ್ಲ. ಇ-ನಾಮ್ ಅಡಿ ಒಂದೊಂದು ಮಂಡಿಗೆ ಮೊದಲು 30 ಲಕ್ಷ ರೂಪಾಯಿ ತನಕ ನೆರವು ಇತ್ತು. 2017ರ ಬಜೆಟ್ಟಿನಲ್ಲಿ ಅದನ್ನು 75 ಲಕ್ಷಕ್ಕೆ ಏರಿಸಿದರು, ಧಾನ್ಯ ಸ್ವಚ್ಛ ಮಾಡುವ, ದರ್ಜೆ ಮಾಡುವ ಸೌಕರ್ಯಕ್ಕೂ ಸೇರಿಸಿ. ಕಂಪ್ಯೂಟರು, ಬಣ್ಣದ ಬೋರ್ಡು ಕಣ್ಣಿಗೆ ಕಾಣುತ್ತವೆ, ಮಂತ್ರಿಗಳು ರಿಬ್ಬನ್ ಕತ್ತರಿಸಬಹುದು. ನೆಲದೊಳಗಿನ ಫೈಬರಿಗೆ ಯಾರು ರಿಬ್ಬನ್ ಕಟ್ಟುತ್ತಾರೆ? ದುರಸ್ತಿಯ ಮಾತಂತೂ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 19ನೇ ಗೇಟಿನ ಸರಪಳಿ ಹರಿಯಿತು, ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷ ಹಳೆಯ ಸರಪಳಿ ನೆನಪಾದದ್ದು ಹರಿದ ಮೇಲೆ. ಹತ್ತು ಸಾವಿರದ ಸ್ವಿಚ್ಚನ್ನು ಯಾರು ನೆನೆಯುತ್ತಾರೆ?

ಒಂದು ಕಹಿ ಮಾತು, ವ್ಯಾಪಾರಿ ಬಂಧುಗಳು ಬೇಜಾರಾಗಬಾರದು. ನೆಟ್‌ವರ್ಕ್ ಕೆಟ್ಟರೆ ಕೆಲವರಿಗೆ ಅನುಕೂಲವೂ ಇದೆ. ಬೋಲಿ ಮತ್ತೆ ಚೀಟಿಗೆ ಇಳಿಯುತ್ತದೆ, ಹೊರಗಿನ ಖರೀದಿದಾರ ತಪ್ಪಿಹೋಗುತ್ತಾನೆ, ಸಂಜೆಯಾದಂತೆ ರೈತ ಸೋಲುತ್ತಾನೆ. ಹಾಗಂತ ಎಲ್ಲ ವ್ಯಾಪಾರಿಗಳೂ ಹಾಗಲ್ಲ. ಆ ರಾತ್ರಿ ನನ್ನ ಜೊತೆ ಹಸಿದು ಕೂತ ಅಡತಿಯವರೂ ಇದ್ದರು, ಅವರ ಲಾರಿಯೂ ನಿಂತಿತ್ತು. ಅದಕ್ಕೇ ಇಬ್ಬರೂ ಸೇರಿ ಕಮಿಟಿಯನ್ನು ಕೇಳಬೇಕು: ಯಾವ ದಿನ, ಎಷ್ಟು ಹೊತ್ತು ಸಂಪರ್ಕ ತಪ್ಪಿತು, ಕಾರಣವೇನು? ಇದನ್ನು ದರದ ಬೋರ್ಡಿನ ಪಕ್ಕದಲ್ಲೇ, ಎರಡೂ ಭಾಷೆಯಲ್ಲಿ ಬರೆದು ಹಾಕಲಿ. ಒಳ್ಳೆಯ ಸ್ವಿಚ್ಚು ಈ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಗುಮಾಸ್ತನ ನೆನಪಿನ ಹಂಗಿಲ್ಲ. ಜೊತೆಗೆ ಬೇರೆ ಬೇರೆ ಕಂಪನಿಯ ಎರಡು ಲೈನು, ಕರೆಂಟ್ ಹೋದರೆ ಟೆಂಡರ್ ಮುಗಿಯುವ ತನಕ ತಾಳುವ ಬ್ಯಾಟರಿ, ಮತ್ತು ಹಂಗಾಮಿನಲ್ಲಿ ಯಾರ್ಡಿನಲ್ಲೇ ಇರುವ ಒಬ್ಬ ಬಲ್ಲ ಹುಡುಗ ಬೇಕು. ದಸರಾ ಕಳೆದರೆ ಹೊಸ ಹತ್ತಿ ಬರ್ತದ. ಅಷ್ಟರೊಳಗೆ ಫೈಬರಿಗೆ ಕಾಲುವೆ ಅಗೆಯಲು ಮಣ್ಣು ಇನ್ನೂ ಮೆತ್ತಗಿರುತ್ತದೆ.