ಗಾಡಿ ನಿಲ್ಲಿಸಿದವಳು

ಮಹಿಳಾ ದಿನದ ಆಸುಪಾಸು ಹರಿದಾಡುವ ‘ಮೊದಲಿಗರ’ ಪಟ್ಟಿಗಳಲ್ಲಿ ಒಮ್ಮೊಮ್ಮೆ ಕಮೀಲ್ ದ್ಯು ಗಾಸ್ತ್ ಎಂಬ ಹೆಸರು ಇಣುಕುತ್ತದೆ. ಪ್ಯಾರಿಸ್ಸಿನವಳು, ಹುಟ್ಟಿದ್ದು 1868ರಲ್ಲಿ, ಬಲೂನು ಹತ್ತಿದಳು, ಮೋಟಾರು ರೇಸಿಗಿಳಿದ ಮೊದಮೊದಲ ಹೆಂಗಸರಲ್ಲಿ ಒಬ್ಬಳು. ಎರಡು ಸಾಲು, ಒಂದು ಮಾಸಲು ಫೋಟೋ, ಕೆಳಗೆ ‘ಧೀರ ಮಹಿಳೆ’ ಎಂಬ ಷರಾ. ನನ್ನ ತಕರಾರು ಈ ಷರಾದ ಬಗ್ಗೆ. ಕಾರು ಜೋರಾಗಿ ಓಡಿಸಿದ್ದಕ್ಕೆ ಆಕೆಯನ್ನು ನೆನೆಯುತ್ತೇವೆ. ಆಕೆ ಕಾರು ನಿಲ್ಲಿಸಿದ್ದನ್ನು ಮರೆಯುತ್ತೇವೆ. ಅದಕ್ಕೆ ನಾವು ತೆರುತ್ತಿರುವ ಬೆಲೆ ದೊಡ್ಡದು.

ನಡೆದದ್ದು ಇಷ್ಟು. 1901ರ ಪ್ಯಾರಿಸ್-ಬರ್ಲಿನ್ ಓಟದಲ್ಲಿ ಕಟ್ಟಕಡೆಯವಳಾಗಿ ಹೊರಟ ದ್ಯು ಗಾಸ್ತ್ 33ನೆಯ ಸ್ಥಾನದಲ್ಲಿ ಗುರಿ ಮುಟ್ಟಿದಳು. 1903ರ ಮೇ 24ರಂದು ಪ್ಯಾರಿಸ್-ಮ್ಯಾಡ್ರಿಡ್ ಓಟ. ಇನ್ನೂರಕ್ಕೂ ಹೆಚ್ಚು ವಾಹನಗಳು. ಮಣ್ಣಿನ ರಸ್ತೆ, ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ದಾರಿ ಕಾಣದು. ತಡೆಬೇಲಿ ಇಲ್ಲದೆ ಜನ ರಸ್ತೆಗೇ ನುಗ್ಗಿ ನಿಂತಿದ್ದರು. ರೆನೋ ಕಂಪನಿ ಕಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಆ ಓಟದಲ್ಲೇ ಪ್ರಾಣ ಕಳೆದುಕೊಂಡ. ಬೇರೆ ಚಾಲಕರು, ಮೆಕ್ಯಾನಿಕ್ಕುಗಳು, ನೋಡಲು ಬಂದವರೂ ಸತ್ತರು. ಬೋರ್ದೋ ಊರು ಮುಟ್ಟುವಷ್ಟರಲ್ಲಿ ಸರ್ಕಾರ ಓಟವನ್ನೇ ರದ್ದು ಮಾಡಿತು.

ಆ ದಿನ ದ್ಯು ಗಾಸ್ತ್ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಮುಂದಿನವರ ಸಾಲಿಗೆ ಬಂದಿದ್ದಳು. ದಾರಿಯಲ್ಲಿ ಫಿಲ್ ಸ್ಟೆಡ್ ಎಂಬ ಸ್ಪರ್ಧಿ ಮಗುಚಿದ ಕಾರಿನಡಿ ಸಿಕ್ಕಿಕೊಂಡಿದ್ದ. ಆಕೆ ನಿಲ್ಲಿಸಿದಳು. ಅವನನ್ನು ಆರೈಕೆ ಮಾಡಿ, ಆಂಬುಲೆನ್ಸ್ ಬರುವ ತನಕ ಜೊತೆಗಿದ್ದು, ಆಮೇಲೆ ಮತ್ತೆ ಹೊರಟಳು. ಸ್ಟೆಡ್ ಬದುಕಿದ. ದ್ಯು ಗಾಸ್ತ್ ಪಟ್ಟಿಯಲ್ಲಿ ಬಹಳ ಕೆಳಗಿಳಿದಳು.

ಸಂಶೋಧನಾ ವಿದ್ಯಾರ್ಥಿಯಾದ ನನ್ನ ದಿನಗಳು ಪಟ್ಟಿ, ಕೋಷ್ಟಕಗಳ ನಡುವೆಯೇ ಸವೆಯುತ್ತವೆ. ಕೋಷ್ಟಕದಲ್ಲಿ ಯಾವ ಕಲಂ ಇಲ್ಲ ಎಂದು ನೋಡುವುದು ನಮ್ಮ ಕಸುಬು. ಅವತ್ತಿನ ದಾಖಲೆ ತೆಗೆದರೆ ಫರ್ನಾಂಡ್ ಗಾಬ್ರಿಯೆಲ್ ಎಂಬಾತ ಬೋರ್ದೋವರೆಗಿನ 552 ಕಿಲೋಮೀಟರನ್ನು ಗಂಟೆಗೆ ಸರಾಸರಿ 105 ಕಿಲೋಮೀಟರ್ ವೇಗದಲ್ಲಿ ಮುಗಿಸಿದ್ದು ಸಿಗುತ್ತದೆ. ನಿಂತು ಕಳೆದ ಹೊತ್ತಿಗೆ ಕಲಂ ಇಲ್ಲ. ಇನ್ನೊಬ್ಬರನ್ನು ಉಳಿಸಿದ್ದೂ ಟಯರು ಒಡೆದದ್ದೂ ಅಲ್ಲಿ ಒಂದೇ ಲೆಕ್ಕ: ತಡ.

ಮರುವರ್ಷವೇ ಫ್ರಾನ್ಸಿನ ರೇಸು ಅಧಿಕಾರಿಗಳು ಹೆಂಗಸರು ಓಟಕ್ಕಿಳಿಯಬಾರದೆಂದು ತಡೆದರು. ಕೊಟ್ಟ ಕಾರಣ, ಹೆಂಗಸರ ಅಳ್ಳೆದೆ. ಅಷ್ಟೊಂದು ಸಾವಿನ ನಡುವೆ ಕೈ ನಡುಗದೆ ಒಬ್ಬನ ಜೀವ ಉಳಿಸಿದವಳಿಗೆ ಹೇಳಿದ ಮಾತಿದು! ಆಕೆ ಸುಮ್ಮನೆ ಕೂರಲಿಲ್ಲ. ಮೋಟಾರು ದೋಣಿ ಹಿಡಿದು 1905ರಲ್ಲಿ ಮೆಡಿಟರೇನಿಯನ್ ದಾಟುವ ಓಟಕ್ಕೆ ಹೋದಳು. ಮುಂದೆ ಫ್ರಾನ್ಸಿನ ಪ್ರಾಣಿದಯಾ ಸಂಘದ ಅಧ್ಯಕ್ಷೆಯಾಗಿ ಗೂಳಿ ಕಾಳಗದ ವಿರುದ್ಧ ಬೀದಿಗಿಳಿದಳು. 1942ರಲ್ಲಿ ತೀರಿಕೊಂಡಳು.

ಈಗ ನಮ್ಮ ರಸ್ತೆಗೆ ಬನ್ನಿ. ನಾನು ಮುಡುಕುತೊರೆ ಕಡೆಯ ಮನುಷ್ಯ. ತಿ. ನರಸೀಪುರದಿಂದ ಕೊಳ್ಳೇಗಾಲದ ಕಡೆ ಹೋಗುವ ರಸ್ತೆ ನಮಗೆ ಅಂಗಳವಿದ್ದ ಹಾಗೆ. 2023ರ ಮೇ 29ರಂದು ಅದೇ ರಸ್ತೆಯ ಕುರುಬೂರಿನ ಬಳಿ ಕಾರಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ 10 ಜನ ಸತ್ತರು. 2017ರಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಸೈಕಲ್ ಸವಾರ, 18ರ ಹುಡುಗ, ರಕ್ತದ ಮಡುವಿನಲ್ಲಿ ಬಿದ್ದು ಅಂಗಲಾಚುತ್ತಿದ್ದಾಗ ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆದರು. ಹುಡುಗ ಉಳಿಯಲಿಲ್ಲ.

ಇಂಥ ಮಾತು ಬಂದಾಗ ನಮ್ಮ ಕಡೆ ಹಿರಿಯರು ಎತ್ತಿನ ಗಾಡಿಯ ಕಾಲವನ್ನು ನೆನೆಯುತ್ತಾರೆ. ಮುಡುಕುತೊರೆಯ ದನಗಳ ಜಾತ್ರೆಗೆ ಸಾಲುಗಾಡಿ ಹೋಗುವಾಗ ಒಂದರ ಅಚ್ಚು ಮುರಿದರೆ ಎಲ್ಲವೂ ನಿಲ್ಲುತ್ತಿದ್ದವಂತೆ. ಈ ಹಳಹಳಿಕೆಯನ್ನು ನಾನು ಒಪ್ಪಲಾರೆ. ಗಾಡಿಜಾಡಿನಲ್ಲಿ ಪಕ್ಕಕ್ಕೆ ಹಾಯಲು ಜಾಗವಿರಲಿಲ್ಲ, ಹಿಂದಿನವನು ನಿಲ್ಲಲೇಬೇಕಿತ್ತು. ಎತ್ತಿನ ನಡಿಗೆಯಲ್ಲಿ ಹೋಗುವವನಿಗೆ ನಿಂತರೆ ನಷ್ಟವೂ ಕಡಿಮೆ. ಹಾದುಹೋಗಲು ದಾರಿಯಿದ್ದು, ನಿಂತರೆ ಸೋಲೆಂದು ಗೊತ್ತಿದ್ದೂ ನಿಲ್ಲುವುದು ಬೇರೆಯೇ ಗುಣ. ಅದು ಮೋಟಾರು ಕಾಲ ಕಲಿಸಬೇಕಾದ ಗುಣ. ಅದನ್ನು ಗೋಣಿ ಹೊದ್ದ ಗಾಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಇನ್ನೊಂದು ಸಬೂಬು ಇನ್ನೂ ಹಳತು: ‘ಪೊಲೀಸು, ಕೋರ್ಟು, ಯಾಕ್ ಬೇಕು ತಲೆನೋವು?’ ಒಂದು ಕಾಲಕ್ಕೆ ಇದರಲ್ಲಿ ಹುರುಳಿತ್ತು. ಆದರೆ 2016ರಲ್ಲೇ ಕರ್ನಾಟಕ ಜೀವರಕ್ಷಕರ ರಕ್ಷಣೆಗೆ ಪ್ರತ್ಯೇಕ ಮಸೂದೆ ತಂದಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ನೆರವಿಗೆ ನಿಂತವರು ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದು ಅವರವರ ಇಷ್ಟ. ಗಾಯಾಳುವಿನ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುವ ಹರೀಶ್ ಸಾಂತ್ವನ ಯೋಜನೆ ಬಂದದ್ದೂ 2016ರಲ್ಲೇ. ಕಾನೂನು ನಿಮ್ಮ ಪರ ನಿಂತು ಇಷ್ಟು ವರ್ಷವಾದರೂ ಸಬೂಬು ಅಷ್ಟೇ ಗಟ್ಟಿಯಾಗಿದ್ದರೆ ತಪ್ಪು ಎರಡು ಕಡೆಯದು. ನಾವು ತಿಳಿದುಕೊಂಡಿಲ್ಲ, ಆಳುವವರು ತಿಳಿಸಿಲ್ಲ.

ರೇಸಿನವರು ಮಾತ್ರ ತಡವಾಗಿಯಾದರೂ ಕಲಿತಿದ್ದಾರೆ. ಡಾಕರ್ ರ‍್ಯಾಲಿಯಲ್ಲಿ ಬಿದ್ದವನಿಗಾಗಿ ನಿಂತ ಸ್ಪರ್ಧಿಗೆ, ನಿಂತಷ್ಟು ಹೊತ್ತನ್ನು ಲೆಕ್ಕದಲ್ಲಿ ಹಿಂದಿರುಗಿಸುತ್ತಾರೆ. 2015ರಲ್ಲಿ ಆ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. 2021ರ ಜನವರಿಯಲ್ಲಿ ಸೌದಿಯ ಮರಳುಗಾಡಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಕೋಮಾದಲ್ಲಿದ್ದು ಎದ್ದುಬಂದರು. ಅವರು ಬಿದ್ದದ್ದು ಇಂಥ ನಿಯಮವಿದ್ದ ಓಟದಲ್ಲಿ. ಜಗತ್ತಿನ ಅತಿ ಕಠಿಣ ರೇಸಿಗೇ ನಿಲ್ಲುವುದಕ್ಕೆ ಪುರುಸೊತ್ತಿದೆ. ಆಫೀಸಿಗೆ, ಮದುವೆಗೆ, ಜಾತ್ರೆಗೆ ಹೊರಟ ನಮಗಿಲ್ಲವೆಂದರೆ ನಂಬುವವರು ಯಾರು?

ಹಾಗಾಗಿ ದ್ಯು ಗಾಸ್ತ್‌ಗೆ ಇನ್ನೊಂದು ‘ಧೀರ ಮಹಿಳೆ’ ಪೋಸ್ಟರ್ ಬೇಡ. ಬೈಕಿನ ಲೈಸೆನ್ಸು ಕೊಡುವಾಗ ಎಂಟು ಹಾಕಿಸುತ್ತಾರಲ್ಲ, ಜೊತೆಗೆ ರಕ್ತ ಸೋರುತ್ತಿರುವವನನ್ನು ಹೇಗೆ ಮುಟ್ಟಬೇಕು, 108ಕ್ಕೆ ಏನು ಹೇಳಬೇಕು ಎಂಬುದನ್ನೂ ಕೇಳಲಿ, ಗೊತ್ತಿಲ್ಲದವರು ನಪಾಸಾಗಲಿ. ಜಾತ್ರೆಗೆ ಊರೂರಿನ ಮುಖಂಡರು ಕೈಮುಗಿದು ನಿಲ್ಲುವ ಫ್ಲೆಕ್ಸುಗಳಲ್ಲಿ ಒಂದನ್ನಾದರೂ ಇಳಿಸಿ, ಆ ಜಾಗದಲ್ಲಿ 134ಎ ಕಲಮನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಲಿ. ತಿ. ನರಸೀಪುರದಿಂದ ಮುಡುಕುತೊರೆವರೆಗೆ ಅಂಥ ನಾಲ್ಕು ಬೋರ್ಡು ನೆಡಲು ಎಷ್ಟು ಖರ್ಚಾದೀತು?