ಹಸಿ ಕಸ ಪಚ್ಚನಾಡಿ ತಲುಪದಿರಲಿ

2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ, ಕೆಳಗಿನ ಮಂದಾರದ ಮನೆಗಳತ್ತ, ಅಡಿಕೆ–ತೆಂಗಿನ ತೋಟಗಳತ್ತ ಹರಿಯಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ಅನಾಹುತವನ್ನು ನಾಡೇ ನೋಡಿತು. ಅಂಥ ಗುಡ್ಡಗಳಿಂದ ಹಗಲಿರುಳೂ ಏಳುವ ಮೀಥೇನ್ ಅನಿಲ ಮಾತ್ರ ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು.

ಅದರ ಮೂಲ ನಮ್ಮ ಅಡುಗೆಮನೆ. ಉಳಿದ ಅನ್ನ, ಮೀನಿನ ತಲೆ, ಹಲಸಿನ ರಚ್ಚೆ ಎಲ್ಲ ರಾಶಿಯ ಅಡಿಗೆ ಬಿದ್ದು, ಗಾಳಿಯಾಡದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ಹೋಲಿಸಿದರೆ ಇದು ಹಿಡಿದಿಡುವ ಶಾಖ ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು. ಆದರೆ ವಾತಾವರಣದಲ್ಲಿ ಇದರ ಆಯಸ್ಸು ಹನ್ನೆರಡು ವರ್ಷದಷ್ಟೇ. ಇಂದು ತಡೆದರೆ ಅದರ ಫಲವನ್ನು ನಮ್ಮ ಮಕ್ಕಳೇ ಕಾಣಬಹುದು.

ನಮ್ಮ ವಸತಿ ಸಮುಚ್ಚಯದ ಗೊಬ್ಬರದ ತೊಟ್ಟಿಗಳನ್ನು ನೋಡಿಕೊಳ್ಳುವವಳು ನಾನು. ಹಸಿ ಕಸದ ಒಂದು ಪದರ, ಮೇಲೆ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ, ವಾರಕ್ಕೊಮ್ಮೆ ಮಗುಚುವುದು – ಇಷ್ಟೇ ಕೆಲಸ. ನಾತ ಬಂತೆಂದರೆ ನೀರು ಹೆಚ್ಚಾಗಿದೆ, ಗಾಳಿ ಸಾಲದು ಎಂದರ್ಥ. ಇನ್ನಷ್ಟು ತರಗೆಲೆ ಸೇರಿಸಿದರಾಯಿತು. ಗುಡ್ಡದಡಿ ಮೀಥೇನ್ ಆಗಬೇಕಿದ್ದ ಕಸ ಇಲ್ಲಿ ಬಸಳೆ ಚಪ್ಪರಕ್ಕೂ ಮಲ್ಲಿಗೆ ಗಿಡಕ್ಕೂ ಗೊಬ್ಬರ.

‘ತೆರಿಗೆ ಕಟ್ಟುತ್ತೇವಲ್ಲ, ಕಸ ಪಾಲಿಕೆಯ ಕೆಲಸ’ ಎನ್ನುವವರಿದ್ದಾರೆ. ಪಾಲಿಕೆಯ ಹೊಣೆ ದೊಡ್ಡದೇ. ನಾವು ಬೇರ್ಪಡಿಸಿ ಕೊಟ್ಟದ್ದನ್ನು ಲಾರಿಯಲ್ಲಿ ಮತ್ತೆ ಬೆರೆಸಬಾರದು. ಮೀನು–ತರಕಾರಿ ಮಾರುಕಟ್ಟೆ, ಹೋಟೆಲು, ಕಲ್ಯಾಣ ಮಂಟಪಗಳ ಹಸಿ ಕಸ ಗೋಬರ್ ಗ್ಯಾಸ್ ಮಾದರಿಯ ಘಟಕಗಳಿಗೆ ಹೋಗಲಿ. ಅಲ್ಲಿ ಅದೇ ಮೀಥೇನ್ ಒಲೆ ಉರಿಸುತ್ತದೆ. ಹಳೆಯ ರಾಶಿಯನ್ನು ಅಗೆದು, ಜರಡಿ ಹಿಡಿದು ಕರಗಿಸುವವರೆಗೆ ಅದರ ಮೇಲೆ ಮಣ್ಣಿನ ಹೊದಿಕೆ ಇರಲೇಬೇಕು. ಆ ಮಣ್ಣಿನ ಸೂಕ್ಷ್ಮಾಣುಗಳು ಮೇಲೇಳುವ ಮೀಥೇನಿನ ಒಂದು ಪಾಲನ್ನು ಅರಗಿಸಿಕೊಳ್ಳುತ್ತವೆ.

ಬೇರ್ಪಡಿಸದ ಕಸವನ್ನು ಗುಡ್ಡ ಹಾಕಬಾರದೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಹಾಗಾಗಿ ನಾವು ಕೇಳುತ್ತಿರುವುದು ಹೊಸದೇನಲ್ಲ. ಎಷ್ಟು ಹಸಿ ಕಸವನ್ನು ವಾರ್ಡಿನಲ್ಲೇ ಉಳಿಸಿಕೊಂಡೆವು, ಎಷ್ಟು ಪಚ್ಚನಾಡಿಗೆ ಹೋಯಿತು ಎಂಬ ಲೆಕ್ಕವನ್ನು ಪಾಲಿಕೆ ಪ್ರತಿ ತಿಂಗಳೂ ಪ್ರಕಟಿಸಲಿ. ವಾರ್ಡ್ ಸಮಿತಿ ಸಭೆಗಳಲ್ಲಿ ರಸ್ತೆ, ಚರಂಡಿಯ ಜೊತೆಗೆ ಈ ಲೆಕ್ಕವನ್ನೂ ನಾವು ಬಿಡದೆ ಕೇಳೋಣ.